ಸುರಯ್ಯಾ ಆಪಾ ಅವರ ಚಾಪೆ

ರಸೆಲ್ ಮಾರ್ಕೆಟ್ಟಿನ ಹಿಂದಿನ ಓಣಿಗೆ ಬೆಳಕು ಇನ್ನೂ ಪೂರ್ತಿ ಇಳಿದಿಲ್ಲ. ಹೊಸ್ತಿಲ ಒಳಗೆ ಚಾಪೆ ಹಾಸಿಕೊಂಡು ಸುರಯ್ಯಾ ಅಗರಬತ್ತಿ ಹೊಸೆಯುತ್ತಿದ್ದಾರೆ. ಮಣೆಯ ಮೇಲೆ ಕಪ್ಪು ಹಿಟ್ಟು, ಬಿದಿರು ಕಡ್ಡಿ, ಕಡ್ಡಿಯ ಮೇಲೆ ಓಡುವ ಅಂಗೈ. ಎದುರಿಗೆ ಕುಳಿತ ಮಜೀದಾ ತಾನು ಬರೆದ ಪ್ರವಾಸದ ಪ್ರಬಂಧವನ್ನು ಗಟ್ಟಿಯಾಗಿ ಓದುತ್ತಾಳೆ. ಬೆಟ್ಟ, ಮಂಜು, ಸೂರ್ಯೋದಯ. ಅಂಗೈ ನಿಲ್ಲುತ್ತದೆ. ಓದೂ ನಿಲ್ಲುತ್ತದೆ.

“ಬೆಟ್ಟ ಎಲ್ಲಿ ನೋಡ್ದೆ?”

“ಗೈಡಲ್ಲಿ, ಆಪಾ.”

“ನೀನು ಹೋಗಿದ್ದು ಎಲ್ಲಿಗೆ, ಅದು ಹೇಳು.”

ಹಲಸೂರು ಕೆರೆಗೆ, ಅಜ್ಜಿಯ ಜೊತೆ, ಬಸ್ಸಿನಲ್ಲಿ. ಆಮೇಲೆ ಏನಾಯ್ತು ಎಂದು ಸುರಯ್ಯಾ ಕೇಳುತ್ತಾರೆ. ಇಳಿಯುವಾಗ ಅಜ್ಜಿಯ ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿಯಿತು. ಆಮೇಲೆ? ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು, ಅದೇ ಬಸ್ಸು ವಾಪಸು ಬರುವ ತನಕ ಅಜ್ಜಿ ಸ್ಟಾಪಿನಲ್ಲೇ ಕೂತರು. ಕೆರೆ ನೋಡಲೇ ಇಲ್ಲ. ಹೇಳುತ್ತಾ ಹೇಳುತ್ತಾ ಮಜೀದಾಗೆ ನಗು ತಡೆಯುವುದಿಲ್ಲ. ಅದನ್ನೇ ಬರಿ ಎಂದು ಸುರಯ್ಯಾ ಮತ್ತೆ ಹೊಸೆಯತೊಡಗುತ್ತಾರೆ.

ಸುರಯ್ಯಾ ಮೇಡಂ ಅಲ್ಲ. ಮಜೀದಾಳಂತೆಯೇ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದವರು. ಈಗ ಮೂವತ್ತು ದಾಟಿದೆ. ತಾಯಿ ತೀರಿಕೊಂಡಾಗ ಏಳನೇ ತರಗತಿಗೆ ಶಾಲೆ ನಿಂತಿತು. ಮನೆಮಾತು ದಖನಿ ಉರ್ದುವಾದರೂ ಕನ್ನಡ ಕೈಹಿಡಿದಿದೆ. ಬೀಜಗಣಿತ ಮಾತ್ರ ಒಲಿದಿಲ್ಲ. ಪ್ರತಿ ವರ್ಷ ಹೊಸ ಹುಡುಗಿಯರು ಬರುತ್ತಾರೆ, ಬರೆಯಲು ಕಲಿಯುತ್ತಾರೆ, ಗಣಿತವನ್ನೂ ಹೇಗೋ ದಾಟಿ ಹೋಗುತ್ತಾರೆ. ಇವರು ಚಾಪೆಯ ಮೇಲೆ ಉಳಿಯುತ್ತಾರೆ. ಮಾರ್ಕೆಟ್ಟಿನಲ್ಲಿ ಹಣ್ಣು ಮಾರುವ ಅಣ್ಣ ಕರೀಂ, ಈ ಮಾರ್ಚಿನ ಪರೀಕ್ಷೆಯೇ ಕೊನೆ, ಆಮೇಲೆ ಪುಸ್ತಕ ಮುಟ್ಟಬೇಡ ಎಂದಿದ್ದಾರೆ.

ತಿದ್ದುವಾಗ ಸುರಯ್ಯಾ ಪೆನ್ನು ಹಿಡಿಯುವುದಿಲ್ಲ. “ಕೈ ಕಪ್ಪಾಗಿರೋದೇ ಒಳ್ಳೇದು. ಚೊಕ್ಕಟ ಇದ್ರೆ ಪೆನ್ನು ಕಿತ್ಕೊಂಡು ನಾನೇ ಬರ್ದ್ಬಿಡ್ತೀನಿ. ಪರೀಕ್ಷೆ ಹಾಲಿಗೂ ಜೊತೇಲಿ ಹೋಗಕ್ಕಾಗುತ್ತಾ?”

ಕಲಿತವರು ಮತ್ತೆ ಬರುವುದು ಕಡಿಮೆ. ಮದುವೆ, ಕೆಲಸ, ದೂರದ ಬಡಾವಣೆ. ಅದಕ್ಕೆ ಬೇಸರವಿಲ್ಲ ಎಂದು ಸುರಯ್ಯಾ ಹೇಳುತ್ತಾರಾದರೂ ಓಣಿಯಲ್ಲಿ ಹೆಜ್ಜೆ ಸಪ್ಪಳವಾದಾಗಲೆಲ್ಲ ತಲೆ ಎತ್ತುತ್ತಾರೆ.

ಕಳೆದ ವರ್ಷ ಮರ್ಫಿ ಟೌನಿಗೆ ಹೊಸೆದ ಕಡ್ಡಿ ಕೊಡಲು ಹೋಗಿದ್ದಾಗ ಶಾಲೆಯೊಂದರ ಕಿಟಕಿಯಿಂದ ಪರಿಚಯದ ದನಿ ಕೇಳಿಸಿತು. ಹಿಂದೆ ಇದೇ ಚಾಪೆಯ ಮೇಲೆ ಓದಿದ ಜಹನಾರಾ ಈಗ ಅಲ್ಲಿ ಟೀಚರ್. ಒಂದು ಮಗು ಏನೋ ತಡವರಿಸುತ್ತಿತ್ತು. ಆಮೇಲೆ ಏನಾಯ್ತು, ಎಂದು ಜಹನಾರಾ ಕೇಳುತ್ತಿದ್ದಳು. ಸುರಯ್ಯಾ ಕಿಟಕಿಯ ಕೆಳಗೆ, ಗಂಟೆ ಹೊಡೆಯುವ ತನಕ ನಿಂತಿದ್ದರು. ಒಳಗೆ ಹೋಗಲಿಲ್ಲ.

“ಹೋಗಿ ಏನು ಹೇಳೋದು? ನನ್ ಮಾತು ಆಗ್ಲೇ ಒಳಗಿತ್ತಲ್ಲ.”

ಬಿಸಿಲು ಹೊಸ್ತಿಲಿಗೆ ಬರುವಷ್ಟರಲ್ಲಿ ಮಜೀದಾ ಎದ್ದು ಹೊರಡುತ್ತಾಳೆ. ಪರೀಕ್ಷೆ ಮುಗಿದರೆ ಅವಳೂ ಬರುವುದಿಲ್ಲ. ಸುರಯ್ಯಾ ಕೈ ತೊಳೆದು, ಮಣೆ ಸರಿಸಿ, ಗಣಿತದ ಪುಸ್ತಕ ತೆರೆಯುತ್ತಾರೆ. ಇದನ್ನು ಗಟ್ಟಿಯಾಗಿ ಓದಿದರೆ ಕೇಳುವವರಿಲ್ಲ.

ಪಾಸಾದರೆ ಏನು ಮಾಡುತ್ತೀರಿ ಎಂದರೆ ಬಾಗಿಲ ಕಡೆ ನೋಡುತ್ತಾರೆ.

“ಒಂದ್ಸಲ ನಾನೂ ಎದ್ದು ಹೋಗ್ಬೇಕು. ಚಾಪೆ ಮೇಲೆ ಉಳಿದೋರು ಬಾಗಿಲು ನೋಡ್ಕೊಂಡು ಕೂತ್ಕೊಳ್ಳಲಿ.”