ತಟ್ಟೆಯ ಮುಂದೆ ನಿಂತ ಕೈ

ಅಮ್ಮ ಅನ್ನಕ್ಕೆ ತುಪ್ಪ ಬಡಿಸುತ್ತಿದ್ದಂತೆ ನನ್ನ ಕೈ ಅಭ್ಯಾಸಬಲದಿಂದ ಹಣೆಗೆ ಹೋಯಿತು. ಶಿಲುಬೆ ಗುರುತಿಗೆಂದು ಅದು ಎದೆಗೆ ಇಳಿದಾಗ, ಎದುರಿಗಿದ್ದ ಅಪ್ಪನನ್ನು ಕಂಡು ಅಲ್ಲೇ ನಿಂತಿತು. ಕಾಲೇಜಿನಲ್ಲಿ ನಾನು ಕ್ಯಾಥೊಲಿಕ್ ಆದದ್ದನ್ನು ಅವರು ಹೇಗೋ ಸಹಿಸಿದ್ದರು. ಓದು ಮುಗಿಸಿ, ಕ್ಯಾಂಪಸ್ ಮಿಷನರಿಯಾಗಿ ವಿದ್ಯಾರ್ಥಿಗಳ ನಡುವೆ ಸೇವೆಗೆ ನಿಂತಮೇಲೆ ನಮ್ಮ ಜಯನಗರದ ಮನೆಯಲ್ಲಿ ನನ್ನೊಡನೆ ಮಾತೇ ಬಿಟ್ಟಿದ್ದರು.

ಅಪ್ಪನ ಅಂಗೈಯಲ್ಲಿ ನೀರಿತ್ತು, ಊಟಕ್ಕೆ ಮುನ್ನ ಮಂತ್ರ ಹೇಳಿ ತಟ್ಟೆಯ ಸುತ್ತ ಬಿಡುವ ನೀರು. ಅವರ ಮಂತ್ರವೂ ನಿಂತಿತು. ಅಮ್ಮ ತುಪ್ಪದ ಚಮಚವನ್ನು ಬಟ್ಟಲಿಗೆ ಹಾಕಿದರು. ನಾನು ಕೈ ಕೆಳಗಿಳಿಸಿದೆ.

“ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡ್ಬಾರ್ದು ಮಗಳೇ,” ಎಂದರು ಅಪ್ಪ, ನನ್ನತ್ತ ನೋಡದೆ. “ಮುಗಿಸು. ಅನ್ನ ಆರಿಹೋಗುತ್ತೆ.”

ಅಪ್ಪ ಇನ್ನೂ ನನ್ನ ದೇವರನ್ನು ಒಪ್ಪಿಲ್ಲ. ಆದರೆ ಅಂದಿನಿಂದ, ನನ್ನ ಬೆರಳು ಬಲಭುಜ ಮುಟ್ಟುವವರೆಗೆ ಅಂಗೈಯಲ್ಲಿ ನೀರು ಹಿಡಿದು ಅವರು ಕಾಯುತ್ತಾರೆ.