ನೊರ್‌ಬುವಿ ಒಪ್ಪದ ರಿವೆಟ್

ಸಿರ್ ದರಿಯಾ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಹಳೆಯ ರೈಲು ಸೇತುವೆಯ ನಡುವೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಐವತ್ತೆಂಟರ ನೊರ್‌ಬುವಿ ಕಬ್ಬಿಣದ ಪಟ್ಟಿಗಳನ್ನು ಬಿಗಿದಿಟ್ಟ ರಿವೆಟ್ ಮೊಳೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟುತ್ತಾ ಸಾಗುತ್ತಾರೆ. ಟಣ್. ಟಣ್. ಟಪ್! ಸದ್ದು ಬದಲಾದ ಕೊನೆಯದು ಸಡಿಲ; ಅದರ ಮೇಲೆ ಸೀಮೆಸುಣ್ಣದ ಗುರುತು ಬೀಳುತ್ತದೆ. "ಇದು ಕೆಮ್ತಾ ಇದೆ, ಪಾಪ," ಎನ್ನುತ್ತಾರೆ.

ದಿನಕ್ಕೆ ಆರುನೂರು ರಿವೆಟ್, ಮೂವತ್ತೊಂದು ವರ್ಷದಿಂದ. ಚಳಿಗಾಲದ ಕಬ್ಬಿಣ ಬೆರಳಿನ ಚರ್ಮವನ್ನೇ ಕಿತ್ತುಕೊಳ್ಳುತ್ತದೆ. ಎಡಗೈಯ ಎರಡು ಬೆರಳು ಈಗ ಮಡಚುವುದಿಲ್ಲ. ಮೇಲೆ ರೈಲಿನಲ್ಲಿ ನಿದ್ದೆ ಹೊಡೆಯುವವರಿಗೆ ಇದೆಲ್ಲ ಎಲ್ಲಿ ಗೊತ್ತು!

ಕಸುಬು ಮುತ್ತಜ್ಜನದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸೇತುವೆ ಕಟ್ಟಲು ವಾರ್ಸಾದಿಂದ ಒಬ್ಬ ಮೇಸ್ತ್ರಿ ಬಂದ. ಅವನು ಕಲಿತದ್ದು ಜರ್ಮನರ ಬಳಿ, ಅವರು ಕಲಿತದ್ದು ಇಂಗ್ಲಿಷರ ಬಳಿ. ಕುದುರೆಗೆ ಲಾಳ ಕಟ್ಟುತ್ತಿದ್ದ ಮುತ್ತಜ್ಜನಿಗೆ ಅವನ ಭಾಷೆಯ ಒಂದಕ್ಷರವೂ ತಿಳಿಯದು. ಹಾಗಾಗಿ ಸುತ್ತಿಗೆಯಲ್ಲೇ ಪಾಠ ನಡೆಯಿತು: ಒಂದು ಪೆಟ್ಟಿಗೆ ಕಾಯಿಸು, ಎರಡಕ್ಕೆ ಒತ್ತಿ ಹಿಡಿ, ಮೂರಕ್ಕೆ ಸಾಕು.

"ನಮ್ಮನೇಲಿ ಇವತ್ತಿಗೂ ಅದೇ ಲೆಕ್ಕ," ಎಂದು ಕುಲುಮೆ ಊದುವ ಗಂಡ ಎಶ್ಮತ್ ನಗುತ್ತಾರೆ. "ಇವಳು ಚಹಾ ಬಟ್ಟಲು ಮೂರು ಸಲ ತಟ್ಟಿದ್ಲು ಅಂದ್ರೆ ನಾನು ಬಾಯಿ ಮುಚ್ಕೋಬೇಕು."

ಹೋದ ವಸಂತದಲ್ಲಿ ಎಲ್ಲವೂ ಮುಗಿದೇ ಹೋಗುವುದರಲ್ಲಿತ್ತು. ಒಂದೇ ಕೀಲಿನಲ್ಲಿ ನಲವತ್ತು ರಿವೆಟ್ ಸಡಿಲವಾಗಿದ್ದವು. ತಾಷ್ಕೆಂಟಿನಿಂದ ಬಂದ ಎಂಜಿನಿಯರ್ ಬೋತಿರ್ ಖಡಾಖಂಡಿತವಾಗಿ ಹೇಳಿದ್ದರು: ನಲವತ್ತನ್ನೂ ಹೊಸದಾಗಿ ಕೂರಿಸಿ; ಒಂದು ಕೆಟ್ಟರೂ ಸೇತುವೆ ಗುಜರಿಗೆ.

ಗಂಡ ಹೆಂಡತಿ ಮೂರು ದಿನ ಬೆವರು ಸುರಿಸಿದರು. ಬೋತಿರ್ ಯಂತ್ರ ಹಿಡಿದು ಪರೀಕ್ಷಿಸಿ ನಲವತ್ತಕ್ಕೂ ಸೈ ಎಂದರು. ಅಷ್ಟರಲ್ಲಿ ನೊರ್‌ಬುವಿ ಹದಿನೇಳನೆಯದನ್ನು ತಟ್ಟಿ ನೋಡಿ ಮುಖ ಸಿಂಡರಿಸಿದರು.

"ಇದು ಸರಿ ಇಲ್ಲ."

"ಸುಮ್ನಿರೇ ಮಾರಾಯ್ತಿ! ಅವರೇ ಸರಿ ಅಂದ್ರಲ್ಲ," ಎಂದು ಎಶ್ಮತ್ ಪಿಸುಗುಟ್ಟಿದರು.

"ಅವರು ತಾಷ್ಕೆಂಟಿಗೆ ಹೋಗ್ತಾರೆ. ರೈಲು ಇದರ ಮೇಲೆ ಹೋಗುತ್ತೆ," ಎಂದವರೇ ಉಳಿ ಇಟ್ಟು ಅದರ ತಲೆ ಹಾರಿಸಿದರು. ಒಳಗೆ ರಿವೆಟ್ಟಿಗೂ ತೂತಿನ ಅಂಚಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿತ್ತು.

ಯಂತ್ರಕ್ಕೆ ಸಿಗದ ಆ ಸಂದನ್ನು ಬೋತಿರ್ ಬಗ್ಗಿ ನೋಡಿದರು. ಆಮೇಲೆ ಯಂತ್ರವನ್ನು ಚೀಲಕ್ಕೆ ಹಾಕಿದರು. "ಓಪಾ, ಅಕ್ಕಾ, ಇದೊಂದನ್ನ ಮತ್ತೆ ಕೂರಿಸಿ. ಸೇತುವೆ ಇರುತ್ತೆ. ಮುಂದಿನ ತಿಂಗಳು ನಮ್ಮ ರೈಲ್ವೆಯ ಹುಡುಗೀರು ಆರು ಜನ ಬರ್ತಾರೆ, ಈ ಕೆಲಸ ಕಲಿಸಿಕೊಡಿ."

ಈಗ ಆ ಆರು ಜನರಿಗೂ ಒಂದು, ಎರಡು, ಮೂರು ಪೆಟ್ಟಿನ ಪಾಠ ನಡೆಯುತ್ತಿದೆ. ನಿಮಗೇನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ನೊರ್‌ಬುವಿ ಸೆರಗಂಚಿನಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಸುತ್ತಿಗೆಯನ್ನು ಒರೆಸುತ್ತಾರೆ.

"ಒಂದ್ಸಲ ವಾರ್ಸಾಗೆ ಹೋಗ್ಬೇಕು. ಆ ಮೇಸ್ತ್ರಿ ಊರಿನ ಸೇತುವೇನೂ ತಟ್ಟಿ ನೋಡ್ಬೇಕು. ಯಾವುದಾದ್ರೂ ಸಡಿಲ ಆಗಿದ್ರೆ, ನಾವಲ್ದೆ ಇನ್ಯಾರು ಹೇಳ್ತಾರೆ?"