ಸೋಮವಾರ ಹಿಡಿದ ಗುಂಡ್ಯಾ

ಕೊಟ್ರಬಸಮ್ಮನ ಮನಿ ಇಲಿ ಸೈತ ಇಬತ್ತಿ ಹಚ್ಚಿಕೊಂಡ ಮ್ಯಾಲೇ ಕಾಳು ಮುಟ್ಟತಾವ ಅಂತ ದೋಣಿಮಲೈ ಕ್ವಾರ್ಟರ್ಸ್‌ನ ಹೆಣ್ಣುಮಕ್ಕಳು ನಗುತ್ತಿದ್ದರು. ಹಾಗೆ ನಗುವವರೇ, ಕೂಸಿನ ಮೈ ಬೆಚ್ಚಗಾದರೆ ಇಬತ್ತಿ ಹಚ್ಚಿಸಲು ಮೊದಲು ಓಡುತ್ತಿದ್ದುದೂ ಆಕೆಯ ಬಾಗಿಲಿಗೇ.

ಚೋರನೂರಿನಿಂದ ಮದುವೆಯಾಗಿ ಬಂದು ಮೂವತ್ತೊಂದು ವರ್ಷ. ಗಂಡ ವಿರೂಪಾಕ್ಷಪ್ಪ ಗಣಿಯಲ್ಲಿ ಡಂಪರ್ ಓಡಿಸಿ ಮೈತುಂಬ ಕೆಂಪು ಧೂಳು ಹೊತ್ತು ಬಂದರೆ, ಹಿತ್ತಲಲ್ಲೇ ಎರಡು ಕೊಡ ನೀರು ಸುರಿದು ಒಳಗೆ ಬಿಟ್ಟುಕೊಳ್ಳುವಳು. ಒಂದು ಸೋಮವಾರವೂ ಹೊತ್ತು ಮುಳುಗುವ ಮುಂಚೆ ತುತ್ತು ಎತ್ತಿದವಳಲ್ಲ, ಮಗಳನ್ನು ಹೆತ್ತ ಸೋಮವಾರವೂ. ಆ ಮಗಳು ಕಂಪ್ಲಿಗೆ ಸೊಸೆಯಾಗಿ ಹೋಗಿ ಎಷ್ಟೋ ಕಾಲವಾಯಿತು. ಈ ಶ್ರಾವಣಕ್ಕೆ ವಿರೂಪಾಕ್ಷಪ್ಪನಿಗೆ ರಿಟೈರ್‌ಮೆಂಟು. ಕ್ವಾರ್ಟರ್ಸ್ ಬಿಟ್ಟು ವಡ್ಡು ಎಂಬ ಹಳ್ಳಿಯ ಹೊರಗೆ ಕಟ್ಟಿಸಿದ ಮನೆಗೆ ಹೋಗಬೇಕು. 'ಅಲ್ಲಿ ನಾ ಯಾರ ಮುಖ ನೋಡ್ಲಿ?' ಎಂದು ಆಕೆ ವರ್ಷದ ಮೊದಲಿಗೇ ಕೂತಾಗ, ಗಂಡ ಒಂದು ನಾಯಿಮರಿ ತಂದು ಮಡಿಲಿಗೆ ಹಾಕಿದ. ಅವನೇ ಗುಂಡ್ಯಾ. ತನಗೆ ಒಂಬತ್ತು ತಿಂಗಳು ತುಂಬುವುದರೊಳಗೆ ಆಕೆಯ ಸೆರಗು ಹರಿದ, ರೊಟ್ಟಿ ಕದ್ದ, 'ನೀ ಜೊತಿಗಿದ್ರ ವಡ್ಡೂ ನಮ್ಮೂರೇ ಬಿಡ್ಲೇ' ಅನ್ನಿಸಿಕೊಂಡ.

ಶ್ರಾವಣದ ಎರಡನೇ ಸೋಮವಾರ ಗುಂಡ್ಯಾ ರೊಟ್ಟಿ ಮೂಸಲಿಲ್ಲ. ಹಾಲಿಗೂ ಮುಖ ತಿರುಗಿಸಿ ಮಂಚದ ಕೆಳಗೆ ಹೋಗಿ ಬಿದ್ದುಕೊಂಡ. ಪಕ್ಕದ ಮನೆಯ ಹಂಪಮ್ಮ ಬಗ್ಗಿ ನೋಡಿದಳು.

'ಅಯ್ಯ ಅಕ್ಕಾ! ನಿಮ್ ಗುಂಡ್ಯಾ ಸೋಮವಾರ ಹಿಡಿದಾನ!'

ಮಾತು ಸಾಲುಮನೆಗಳಿಗೆಲ್ಲ ಹರಿಯಿತು. ಹೆಣ್ಣುಮಕ್ಕಳು ಬಂದು ಕೈ ಮುಗಿದರು, ಒಬ್ಬಾಕೆ ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿದಳು. ಕೊಟ್ರಬಸಮ್ಮ ತಾನೇ ಅವನ ಹಣೆಗೆ ಮೂರು ಬೆರಳಿನ ಇಬತ್ತಿ ಎಳೆದಳು. ಅವನು ಕೊಸರಲಿಲ್ಲ. ಒಂದು ಗಳಿಗೆ ಸುಮ್ಮನಿರದ ಪ್ರಾಣಿ ಹಾಗೆ ಸುಮ್ಮನಿದ್ದದ್ದನ್ನು ಆಕೆ ಭಕ್ತಿ ಅಂದುಕೊಂಡಳು.

'ಲೇ, ಅದು ನಾಯಿ ಐತಿ, ಮಠದ ಅಯ್ಯನೋರಲ್ಲ,' ಎಂದ ವಿರೂಪಾಕ್ಷಪ್ಪ. 'ಸಂಡೂರಿಗೆ ಒಯ್ದು ತೋರಿಸೋಣು.'

'ಮೂವತ್ತು ವರ್ಷದಾಗ ನೀವಂತೂ ಒಂದು ಸೋಮವಾರ ಮಾಡ್ಲಿಲ್ಲ. ಅವನರ ಮಾಡ್ಲಿ ಬಿಡ್ರಿ.'

ಸಂಜೆ ಪೂಜೆ ಮುಗಿಸಿ ತುಪ್ಪ ಕಲಸಿದ ಅನ್ನ ಇಟ್ಟಳು. ಮುಟ್ಟಲಿಲ್ಲ. ಮಂಗಳವಾರ ಹಂಪಮ್ಮ 'ಮಂಗಳಗೌರಿನೂ ಹಿಡಿದಿರಬೇಕು' ಎಂದಾಗ ಕೊಟ್ರಬಸಮ್ಮನಿಗೆ ನಗು ಬರಲಿಲ್ಲ. ಆದರೂ ಇನ್ನೊಂದು ದಿನ ನೋಡೋಣ ಅಂದಳು. ಬುಧವಾರ ಬೆಳಿಗ್ಗೆ ಏಳಹೋದವನ ಹಿಂಗಾಲು ಮಡಚಿಕೊಂಡಿತು.

ಸಂಡೂರಿನ ದನದ ಡಾಕ್ಟರು ಅವನ ತುಟಿ ಎತ್ತಿದರು. ಒಸಡು ಸುಣ್ಣ ಬಳಿದಂಗಿತ್ತು. ಕಿವಿ ಮಗುಚಿದರು. ಒಳಗೆ ಔಡಲ ಬೀಜದಂಥ ಉಣ್ಣಿಗಳು, ರಕ್ತ ಕುಡಿದು ಊದಿಕೊಂಡಿದ್ದವು.

'ಉಣ್ಣಿ ಜ್ವರ. ಮೈಯಾಗ ರಕ್ತನ ಉಳಿದಿಲ್ಲ. ಯಾವಾಗಿಂದ ಉಣ್ಣವಲ್ದು?'

'ಸೋಮವಾರದಿಂದ್ರೀ,' ಎಂದಳು ಕೊಟ್ರಬಸಮ್ಮ.

'ಮೂರು ದಿನ ಏನ್ ಮಾಡ್ತಿದ್ರಿ? ಹಣಿ ಮ್ಯಾಲೆ ಇದೇನಿದು?'

ಆಕೆ ಸೆರಗಿನಿಂದ ಗುಂಡ್ಯಾನ ಹಣೆ ಒರೆಸಹೋದಳು.

'ಮನ್ಯಾಗ ಪೂಜಿ ಇತ್ರೀ ಸಾಹೇಬ್ರ,' ಎಂದ ವಿರೂಪಾಕ್ಷಪ್ಪ. 'ನಾನ ಹಚ್ಚಿದ್ದೆ.'

ಡಾಕ್ಟರು ಇಂಜೆಕ್ಷನ್ ಕೊಟ್ಟು, ಆಸೆ ಇಟ್ಟುಕೊಳ್ಳಬ್ಯಾಡ್ರಿ ಎಂದರು. ಗುರುವಾರ ಮಧ್ಯಾಹ್ನ ಆಕೆ ಚಮಚದಲ್ಲಿ ಗಂಜಿ ಹಿಡಿದು ಕೂತಿದ್ದಾಗಲೇ ಗುಂಡ್ಯಾ ಉಸಿರು ಬಿಟ್ಟ. ಹಿತ್ತಲ ನುಗ್ಗೆಗಿಡದ ಬುಡದಲ್ಲಿ ಹೂಳಿದರು.

ಮುಂದಿನ ಸೋಮವಾರ ಆಕೆ ಬೆಳಬೆಳಿಗ್ಗೆಯೇ ಒಣ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಗಂಡ ನೋಡಿ, ನೀರಿನ ತಂಬಿಗೆ ಆಕೆಯ ಕಡೆ ಸರಿಸಿದ.

ತಿಂಗಳ ಕೊನೆಗೆ ಸಾಮಾನು ಒಯ್ಯುವ ಟೆಂಪೋ ಬಂತು. ಹಂಪಮ್ಮ ಬಾಯಿಗೆ ಸೆರಗಿಟ್ಟುಕೊಂಡು, 'ಅಕ್ಕಾ, ನಾನರ ಯಾಕ ಅಂದೆ ಆ ಮಾತು...' ಎಂದು ಅತ್ತಳು.

'ನೀ ಚಾಷ್ಟಿ ಮಾಡಿದಿ. ನಂಬಿದಾಕಿ ನಾನು.'

ಮನೆ ಬರಿದಾಯಿತು. 'ಹಿತ್ತಲಿಗೆ ಹೋಗಿ ಬರ್ತೀಯೇನು?' ಎಂದು ವಿರೂಪಾಕ್ಷಪ್ಪ ಮೆಲ್ಲಗೆ ಕೇಳಿದ.

'ಯಾವ ಮುಖ ಇಟ್ಕೊಂಡು ಹೋಗ್ಲಿ? ನಡ್ರಿ.'

ಆಕೆ ಹೊಸಿಲು ದಾಟಿ, ಬಾಗಿಲು ತಾನೇ ಎಳೆದು, ಟೆಂಪೋದ ಕಡೆ ನಡೆದಳು.